ಖಿನ್ನತೆಗೆ ಬೆಳಕಿನ ಚಿಕಿತ್ಸೆ: ದೀಪ ಕೊಳ್ಳುವ ಮೊದಲಿನಿಂದ ನಿಲ್ಲಿಸುವವರೆಗೆ

"ದೀಪ ತಂದು ತಿಂಗಳಾಯಿತು, ಏನೂ ಪ್ರಯೋಜನ ಕಾಣಲಿಲ್ಲ." ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಸ್ವಲ್ಪ ಬಿಡಿಸಿ ಕೇಳಿದರೆ ವಿಷಯ ಹೊರಬರುತ್ತದೆ. ದೀಪ ಟಿವಿ ಸ್ಟ್ಯಾಂಡಿನ ಮೇಲಿದೆ, ಕೂರುವವರು ಆರಡಿ ಆಚೆಯ ಸೋಫಾದಲ್ಲಿದ್ದಾರೆ, ಹೊತ್ತು ರಾತ್ರಿಯ ಊಟ ಮುಗಿದ ಮೇಲಿನದು, ಕಣ್ಣು ಮೊಬೈಲಿನೊಳಗೆ. ಇನ್ನು ಕೆಲವರು ಕೊಂಡದ್ದು ಸೊಂಟನೋವಿಗೆ ಶಾಖ ಕೊಡುವ ಕೆಂಪು ದೀಪ. ಹೀಗೆ ವರ್ಷವಿಡೀ ಕುಳಿತರೂ ಕರೆಂಟ್ ಬಿಲ್ ಒಂದೇ ಬದಲಾಗುವುದು.

ಈ ಚಿಕಿತ್ಸೆಯಲ್ಲಿ ಔಷಧಿ ಎಂದರೆ ಕಣ್ಣಿನ ಪಾಪೆಯನ್ನು ಮುಟ್ಟುವ ಬೆಳಕು. ಡಬ್ಬಿಯ ಮೇಲೆ ಏನು ಅಚ್ಚಾಗಿದೆ, ಕೋಣೆ ಎಷ್ಟು ಜಗಮಗಿಸುತ್ತಿದೆ ಎಂಬುದಕ್ಕೆ ಬೆಲೆಯಿಲ್ಲ. ಎಷ್ಟು ಬೆಳಕು, ಎಷ್ಟು ನಿಮಿಷ, ದಿನದ ಯಾವ ಹೊತ್ತು ಎಂಬ ಮೂರೂ ಕೂಡಿಬರಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಮೊದಲು ಮಾಡಿದವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುತ್ತಾರೆ.

ಯಾವ ಬೆಳಕು, ಯಾವುದಲ್ಲ

ಇಲ್ಲಿ ಹೇಳುತ್ತಿರುವುದು ಪ್ರಖರವಾದ ಬಿಳಿ ಬೆಳಕಿನ ಚಿಕಿತ್ಸೆ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ (ರೆಟಿನಾ) ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಕೆಲವು ನರಕೋಶಗಳಿವೆ. ಹೊರಗೆ ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸುವುದು ಅವುಗಳ ಮುಖ್ಯ ಕೆಲಸ. 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಆ ನೀಲಿ ಬಿಳಿ ಬೆಳಕಿನಲ್ಲಿ ಸೇರಿಯೇ ಇರುತ್ತದೆ. ಅಲ್ಲಿಂದ ಹೊರಟ ಸಂದೇಶ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿರುವ ಜೈವಿಕ ಗಡಿಯಾರವನ್ನು ತಲುಪುತ್ತದೆ. ನಿದ್ರೆ ಬರುವ ಹೊತ್ತು, ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವ ಹೊತ್ತು, ಬೆಳಗಿನ ಚುರುಕು ಎಲ್ಲವೂ ಈ ಗಡಿಯಾರವನ್ನು ಹಿಡಿದು ನಡೆಯುತ್ತವೆ. ಕೆಂಪು ದೀಪ ಈ ಕೆಲಸಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ತಲೆಗೆ ಟೋಪಿಯಂತೆ ಹಾಕಿಕೊಳ್ಳುವ ಇನ್ನೊಂದು ಬಗೆಯ ಸಾಧನವೂ ಮಾರಾಟದಲ್ಲಿದೆ. ಅದರಲ್ಲಿರುವುದು 800ರಿಂದ 850 ನ್ಯಾನೊಮೀಟರ್ ಸುತ್ತಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದು ತಲೆಬುರುಡೆಯ ಮೂಲಕ ಒಳಹೊಕ್ಕು ಮಿದುಳಿನ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನು ಚುರುಕುಗೊಳಿಸುತ್ತದೆ ಎಂಬುದು ಊಹೆ. ಕೂದಲು, ಚರ್ಮ, ಮೂಳೆ ದಾಟುವಷ್ಟರಲ್ಲಿ ಬೆಳಕಿನ ಬಹುಪಾಲು ಸೋರಿಹೋಗಿರುತ್ತದೆ. ಖಿನ್ನತೆಯ ಮೇಲೆ ಇದರ ಆರಂಭದ ಪರೀಕ್ಷೆಗಳು ನಡೆದದ್ದು ಹತ್ತಿಪ್ಪತ್ತು ಜನರ ಮೇಲೆ. ಸಂಶೋಧಕರು ಮುಂದುವರಿಸಲಿ, ನೀವು ಸಾಲ ಮಾಡಿ ಕೊಳ್ಳಬೇಡಿ.

ನಮ್ಮ ಊರಿನಲ್ಲಿ ಬಿಸಿಲಿಗೇನು ಬರ, ದೀಪ ಏಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಡಿಸೆಂಬರ್‌ನಲ್ಲೂ ನಮ್ಮ ಹಗಲು 11 ಗಂಟೆಗೂ ಮೀರಿ ಇರುತ್ತದೆ, ಯುರೋಪಿನ ಚಳಿಗಾಲದ ಕತ್ತಲೆ ಇಲ್ಲಿಲ್ಲ. ಆದರೆ ಬಿಸಿಲು ಊರಿಗೆ ಬಿದ್ದರೆ ಸಾಲದು, ನಿಮ್ಮ ಕಣ್ಣಿಗೂ ಬೀಳಬೇಕು. ನಸುಕಿನಲ್ಲೇ ತುಮಕೂರಿನಿಂದ ಬೆಂಗಳೂರಿನ ರೈಲು ಹತ್ತಿ ಕತ್ತಲಾದ ಮೇಲೆ ಮನೆ ಸೇರುವವರು, ನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಶಿಡ್ಲಘಟ್ಟದ ರೀಲಿಂಗ್ ಶೆಡ್ಡಿನ ಮಬ್ಬಿನಲ್ಲಿ ನೂಲು ತೆಗೆಯುವವರು, ಕಿಟಕಿ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಇರುವ ಬಾಣಂತಿಯರು ಹಗಲನ್ನು ಸರಿಯಾಗಿ ಕಾಣುವುದೇ ಇಲ್ಲ. ಅಲ್ಲದೆ ಚಳಿಗಾಲದಲ್ಲಿ ಬರುವ ಖಿನ್ನತೆಯಲ್ಲಿ ಮಾತ್ರವಲ್ಲ, ಋತುಮಾನಕ್ಕೆ ಸಂಬಂಧಿಸದ ಖಿನ್ನತೆಯಲ್ಲೂ ಬೆಳಕು ಕೆಲಸ ಮಾಡಬಲ್ಲದು. ಕೆನಡಾದಲ್ಲಿ 122 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ 8 ವಾರಗಳ ಪರೀಕ್ಷೆಯಲ್ಲಿ, ಬೆಳಕು ಮತ್ತು ಮಾತ್ರೆ ಎರಡನ್ನೂ ಒಟ್ಟಿಗೆ ಪಡೆದವರಿಗೆ ಎಲ್ಲರಿಗಿಂತ ಹೆಚ್ಚು ಗುಣ ಕಂಡಿತು. "ಒಟ್ಟಿಗೆ" ಎಂಬುದನ್ನು ಗಮನಿಸಿ. ದೀಪ ಬಂದ ದಿನವೇ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕುವುದು ಈ ಚಿಕಿತ್ಸೆಯ ಅತಿ ದೊಡ್ಡ ತಪ್ಪು.

ಹಂತ 1: ಮೊದಲು ಮನೋವೈದ್ಯರು

ಬೇಸರ, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಥೈರಾಯ್ಡ್ ಕುಗ್ಗಿದಾಗಲೂ ಬರುತ್ತದೆ, ರಕ್ತಹೀನತೆಯಲ್ಲೂ ಬಿ12 ಕೊರತೆಯಲ್ಲೂ ಬರುತ್ತದೆ. ಆ ಪರೀಕ್ಷೆಗಳು ಆಗಲಿ. ಅದಕ್ಕಿಂತ ಮುಖ್ಯವಾಗಿ, ಇದು ಬರಿಯ ಖಿನ್ನತೆಯೋ ಅಥವಾ ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯೋ ಎಂದು ವೈದ್ಯರೇ ತೀರ್ಮಾನಿಸಬೇಕು. ಬೈಪೋಲಾರ್ ಇರುವವರು ಬೆಳಗಿನ ಬೆಳಕನ್ನು ತಾವಾಗಿಯೇ ಶುರು ಮಾಡಿದರೆ ಉನ್ಮಾದ ಕೆರಳಬಹುದು.

ವೈದ್ಯರಿಗೆ ಒಂದು ಮಾತು ಮರೆಯದೆ ಹೇಳಿ: ಹಿಂದೆ ಯಾವಾಗಲಾದರೂ ಕೆಲವು ದಿನ ನಿದ್ರೆಯೇ ಬೇಡವೆನಿಸಿ, ವಿಪರೀತ ಮಾತು, ವಿಪರೀತ ಖರ್ಚು, ಎಲ್ಲಿಲ್ಲದ ಹುಮ್ಮಸ್ಸು ಇತ್ತೇ? ರೋಗಿಗೆ ಇದು ನೆನಪಿರುವುದಿಲ್ಲ, ನೆನಪಿದ್ದರೂ ಅದು ಕಾಯಿಲೆ ಎನಿಸಿರುವುದಿಲ್ಲ. ಅಮ್ಮನನ್ನೋ ಅಕ್ಕನನ್ನೋ ಹೆಂಡತಿಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಅವರು ಹೇಳುತ್ತಾರೆ.

ಎಲ್ಲಿಗೆ ಹೋಗುವುದು? ಮೂರೂ ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಸೇವೆ ಇದೆ. ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಬಸ್ ಹತ್ತಿ.

ಹಂತ 2: ಕಣ್ಣು ಮತ್ತು ಮಾತ್ರೆಗಳ ಪಟ್ಟಿ

ಸಕ್ಕರೆ ಕಾಯಿಲೆಯವರು ಅಕ್ಷಿಪಟಲದ ತಪಾಸಣೆ ಮಾಡಿಸದೆ ದೀಪದ ಮುಂದೆ ಕೂರಬೇಡಿ. ಮ್ಯಾಕ್ಯುಲಾ ಸವೆತ, ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆ ಮತ್ತು ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರಿಗೂ ಇದೇ ಮಾತು. ನೇತ್ರತಜ್ಞರು ಒಪ್ಪಬೇಕು.

ಆಮೇಲೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಡಾಕ್ಸಿಸೈಕ್ಲಿನ್, ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್, ಕ್ಲೋರ್‌ಪ್ರೊಮಜೀನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೊಕ್ಲೋರೊಥಯಜೈಡ್, ತೊನ್ನಿಗೆ ಬಳಸುವ ಸೊರಾಲೆನ್ ಇವೆಲ್ಲ ದೇಹವನ್ನು ಬೆಳಕಿಗೆ ಅತಿಸೂಕ್ಷ್ಮವಾಗಿಸುತ್ತವೆ. ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗುವವರಿಗೆ ಹೇಗಿದ್ದರೂ ಕಣ್ಣಿನ ತಪಾಸಣೆ ಆಗುತ್ತಿರಬೇಕು. ಲೂಪಸ್ ಇದ್ದರೆ ಅದನ್ನೂ ಹೇಳಿ. ನಾಟಿ ಔಷಧಿಯ ಪುಡಿ ಇದ್ದರೆ ಅದೂ ಚೀಲದಲ್ಲಿರಲಿ, ಮುಚ್ಚಿಡಬೇಡಿ.

ಹಂತ 3: ದೀಪದ ಆಯ್ಕೆ

ಬೇಕಾದದ್ದು ಇಷ್ಟು. ಬಿಳಿ ಬೆಳಕು. ಅತಿನೇರಳೆ ಕಿರಣಗಳನ್ನು ತಡೆದ ದೀಪ. ಬೆಳಕನ್ನು ಹರಡುವ ಹಾಲುಬಣ್ಣದ ಮುಚ್ಚಳ. ಮಿಣುಕದ ಬೆಳಕು. ಮತ್ತು "10,000 ಲಕ್ಸ್" ಎಂಬುದರ ಪಕ್ಕದಲ್ಲಿ ಅದು ಎಷ್ಟು ದೂರದಲ್ಲಿ ಎಂಬ ಅಂಕಿ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಈ ದೂರ ಬರೆಯದ ದೀಪವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮೋಸ ಆಗುವುದು ಇಲ್ಲೇ. ಆನ್‌ಲೈನಿನಲ್ಲಿ ಸಿಗುವ ಅಂಗೈಯಗಲದ ದೀಪ 10,000 ಲಕ್ಸ್ ಕೊಡುವುದು ಅದನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದಾಗ. ಹಾಗೆ ಅರ್ಧ ಗಂಟೆ ಕೂರುವವರು ಯಾರು? ಅಡ್ಡ ಒಂದಡಿ, ಎತ್ತರ ಒಂದಡಿಗೂ ಹೆಚ್ಚಿರುವ ಫಲಕವಾದರೆ 30ರಿಂದ 60 ಸೆಂ.ಮೀ. ದೂರದಲ್ಲಿ ಆರಾಮವಾಗಿ ಕುಳಿತು ಪೇಪರ್ ಓದಬಹುದು, ತಲೆ ಸ್ವಲ್ಪ ಆಚೀಚೆ ಆದರೂ ಬೆಳಕು ತಪ್ಪುವುದಿಲ್ಲ.

ವ್ಯಾಟ್ ನೋಡಿ ಕೊಳ್ಳಬೇಡಿ. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು. ಸೋರಿಯಾಸಿಸ್‌ಗೆ, ತೊನ್ನಿಗೆ ಚರ್ಮದ ಆಸ್ಪತ್ರೆಗಳಲ್ಲಿ ಬಳಸುವ ಅತಿನೇರಳೆ ದೀಪವನ್ನು "ಅದೂ ಲೈಟ್ ಥೆರಪಿಯೇ ಅಲ್ಲವೇ" ಎಂದು ಮನೆಗೆ ತಂದುಕೊಳ್ಳುವುದಂತೂ ಕಣ್ಣಿಗೆ ನೇರ ಅಪಾಯ. ಎಲೆಕ್ಟ್ರಿಷಿಯನ್ ಹತ್ತಿರ ಹಲಗೆಗೆ ಎಲ್‌ಇಡಿ ಪಟ್ಟಿಗಳನ್ನು ಅಂಟಿಸಿ ಮಾಡಿಸಿಕೊಂಡ ದೀಪವೂ ಬೇಡ. ಮುಚ್ಚಳವಿಲ್ಲದ ಎಲ್‌ಇಡಿ ಚುಕ್ಕಿಗಳು ಕಣ್ಣನ್ನು ಕುಕ್ಕುತ್ತವೆ, ಮಿಣುಕು ತಲೆನೋವು ತರುತ್ತದೆ.

ಹಂತ 4: ಜಾಗ, ದೂರ, ಅಳತೆ

ಹತ್ತರಲ್ಲಿ ಎಂಟು ಮಂದಿ ಎಡವುವುದು ಈ ಹಂತದಲ್ಲಿ ಎಂದು ನನ್ನ ಅಂದಾಜು, ಹಾಗಾಗಿ ನಿಧಾನವಾಗಿ ಓದಿ.

ಮನೆಯ ಟ್ಯೂಬ್‌ಲೈಟ್ ಕೆಳಗೆ ಕುಳಿತಾಗ ಕಣ್ಣಿಗೆ ಸಿಗುವುದು 100ರಿಂದ 300 ಲಕ್ಸ್. ನಮಗೆ ಅದು ಧಾರಾಳ ಬೆಳಕು ಎನಿಸುತ್ತದೆ, ಏಕೆಂದರೆ ಪಾಪೆಯೂ ಅಕ್ಷಿಪಟಲವೂ ಇದ್ದ ಬೆಳಕಿಗೆ ಹೊಂದಿಕೊಂಡುಬಿಡುತ್ತವೆ. ಬೆಳಕನ್ನು ಅಳೆಯುವ ವಿಷಯದಲ್ಲಿ ಕಣ್ಣು ಕಳ್ಳ ತಕ್ಕಡಿ, ಅದನ್ನು ನಂಬಬೇಡಿ. ನೆತ್ತಿಗೆ ಬಿಸಿಲು ಬಂದಾಗ ಹೊಲದಲ್ಲಿ ನಿಂತವರ ಸುತ್ತ ಸುಮಾರು 1,00,000 ಲಕ್ಸ್ ಇರುತ್ತದೆ. ದೀಪದ 10,000 ಈ ಎರಡರ ನಡುವಿನದು.

ದೂರ ಹೆಚ್ಚಿದಂತೆ ಬೆಳಕು ಬೇಗ ಬೇಗ ಸೊರಗುತ್ತದೆ. ಸಣ್ಣ ದೀಪದಿಂದ ನೀವು ಕುಳಿತ ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಸೋಫಾದಲ್ಲಿ ಆರಡಿ ದೂರ ಕುಳಿತವರಿಗೆ ಫಲ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಮಾಡಿ. ಊಟದ ಮೇಜಿನ ಮೇಲೆ ದೀಪ ಇಡಿ. ಫಲಕದ ನಡುಭಾಗ ಕಣ್ಣಿಗಿಂತ ತುಸು ಮೇಲಿರಲಿ. ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟರೆ ಸಾಕು. ಮುಖಕ್ಕೆ ನೇರ ಎದುರಿಗೆ ಬೇಡ, ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿ ಮುಖದತ್ತ ಓರೆಯಾಗಿ ತಿರುಗಿಸಿ. ನಿಮ್ಮ ಹಣೆಯಿಂದ ಫಲಕದವರೆಗಿನ ದೂರವನ್ನು ಟೇಪಿನಲ್ಲಿ ಅಳೆದು, ತಯಾರಕರು ಹೇಳಿದ ಸೆಂ.ಮೀ.ಗೆ ತನ್ನಿ. ನಂತರ ದೀಪದ ಬುಡಕ್ಕೆ ಮತ್ತು ಕುರ್ಚಿಯ ನಾಲ್ಕು ಕಾಲಿಗೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ. ಬೆಳಗ್ಗೆ ಕಸ ಗುಡಿಸುವಾಗ ಕುರ್ಚಿ ಎಳೆದಾಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಟೇಪ್ ಇಲ್ಲದಿದ್ದರೆ ವಾರದೊಳಗೆ ದೂರ ಬದಲಾಗಿರುತ್ತದೆ.

ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಬಹುದು. ಅಂಕಿ ಅಂದಾಜಿನದು, ಆದರೆ ದೊಡ್ಡ ತಪ್ಪನ್ನು ಹಿಡಿದುಕೊಡುತ್ತದೆ. ಬೆಳಕನ್ನು ಗ್ರಹಿಸುವ ಸಂವೇದಕ ಸಾಮಾನ್ಯವಾಗಿ ಮುಂದಿನ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಮೊಬೈಲನ್ನು ಕಣ್ಣಿನ ಪಕ್ಕ ಹಿಡಿದು ಪರದೆಯನ್ನು ದೀಪದ ಕಡೆ ತಿರುಗಿಸಿ ಓದಿ. ಮೇಜಿನ ಮೇಲೆ ಮಲಗಿಸಿ ಅಳೆದದ್ದು ಮೇಜಿಗೆ ಸಿಕ್ಕ ಬೆಳಕು, ನಿಮಗಲ್ಲ.

ದೀಪವನ್ನು ದುರುಗುಟ್ಟಿ ನೋಡಬೇಕಿಲ್ಲ, ಕಣ್ಣು ತೆರೆದಿದ್ದರೆ ಸಾಕು. ಪೇಪರ್ ಓದಿ, ಕಾಫಿ ಕುಡಿಯಿರಿ, ಅವರೆಕಾಯಿ ಸುಲಿಯಿರಿ. ಧ್ಯಾನ ಮಾಡುತ್ತೇನೆಂದು ಕಣ್ಣು ಮುಚ್ಚಿದರೆ ಆ ನಿಮಿಷಗಳು ಲೆಕ್ಕಕ್ಕಿಲ್ಲ. ತೊಡೆಯ ಮೇಲಿನ ಮೊಬೈಲಿಗೆ ತಲೆ ಬಗ್ಗಿಸಿದರೂ ಅಷ್ಟೇ, ಹುಬ್ಬು ಮತ್ತು ರೆಪ್ಪೆಯೇ ಬೆಳಕಿಗೆ ಮರೆಯಾಗುತ್ತವೆ. ಮಾಮೂಲಿ ಕನ್ನಡಕ ಇರಲಿ. ಬಿಸಿಲಿಗೆ ಕಪ್ಪಾಗುವ ಗಾಜು, ನೀಲಿ ತಡೆಯುವ ಲೇಪನದ ಕನ್ನಡಕ ಇದ್ದರೆ ಆ ಹೊತ್ತಿಗೆ ತೆಗೆದಿಡಿ.

ಹಂತ 5: ದಿನದ ಹೊತ್ತು

ಎದ್ದ ಒಂದು ಗಂಟೆಯೊಳಗೆ, ದಿನವೂ ಅದೇ ಹೊತ್ತಿಗೆ. ಭಾನುವಾರಕ್ಕೂ ಹಬ್ಬಕ್ಕೂ ವಿನಾಯಿತಿ ಇಲ್ಲ. ಸಂಜೆ ಅಥವಾ ರಾತ್ರಿ ಕುಳಿತರೆ ಗಡಿಯಾರ ಹಿಂದಕ್ಕೆ ಸರಿದು, ನಿದ್ರೆ ಬರುವುದು ತಡವಾಗಿ, ಮರುದಿನ ಏಳುವುದು ಇನ್ನಷ್ಟು ಕಷ್ಟವಾಗುತ್ತದೆ. ಖಿನ್ನತೆಯಲ್ಲಿ ಮೊದಲೇ ಕೆಟ್ಟಿರುವ ನಿದ್ರೆಯನ್ನು ನಾವೇ ಕೆಡಿಸಿದಂತೆ.

ರಾತ್ರಿ ಒಂದಕ್ಕೆ ಮಲಗಿ ಒಂಬತ್ತಕ್ಕೆ ಏಳುವ ಹುಡುಗನನ್ನು ಮೊದಲ ದಿನವೇ ಐದಕ್ಕೆ ಎಬ್ಬಿಸಿ ಕೂರಿಸುವ ಅಪ್ಪಂದಿರಿದ್ದಾರೆ. ಅದು ಶಿಸ್ತು ಆಗಬಹುದು, ಚಿಕಿತ್ಸೆ ಆಗದು. ಅವನ ಗಡಿಯಾರಕ್ಕೆ ಐದು ಗಂಟೆ ಇನ್ನೂ ನಡುರಾತ್ರಿ. ಆಗಿನ ಬೆಳಕು ಉಲ್ಟಾ ದಿಕ್ಕಿಗೆ ಎಳೆಯಬಹುದು. ಒಂಬತ್ತಕ್ಕೇ ಶುರು ಮಾಡಿ, ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚಿತ ಮಾಡಿ.

ಇದಕ್ಕೆ ತದ್ವಿರುದ್ಧವಾಗಿ, ಮುಸ್ಸಂಜೆಗೇ ತೂಕಡಿಸಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಒದ್ದಾಡುವವರಿದ್ದಾರೆ, ವಯಸ್ಸಾದವರಲ್ಲಿ ಹೆಚ್ಚು. ನಸುಕಿನ ಬೆಳಕು ಇವರ ಎಚ್ಚರವನ್ನು ಮತ್ತೂ ಮುಂಚಿತ ಮಾಡಬಹುದು. ಹೊತ್ತನ್ನು ವೈದ್ಯರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಿ.

ಬೈಪೋಲಾರ್ ಖಿನ್ನತೆಯಲ್ಲಿ ಮಧ್ಯಾಹ್ನದ ಬೆಳಕನ್ನು ಪರೀಕ್ಷಿಸಿದ್ದಾರೆ. 2018ರಲ್ಲಿ ಪ್ರಕಟವಾದ, 46 ಜನರಿದ್ದ ಒಂದು ಪರೀಕ್ಷೆಯಲ್ಲಿ ಹನ್ನೆರಡರಿಂದ ಎರಡೂವರೆಯ ನಡುವೆ 7,000 ಲಕ್ಸ್ ಬೆಳಕನ್ನು 15 ನಿಮಿಷದಿಂದ ಆರಂಭಿಸಿ ವಾರವಾರ ಏರಿಸಿದರು. ಅವರೆಲ್ಲ ಉನ್ಮಾದ ತಡೆಯುವ ಔಷಧಿಯ ಮೇಲಿದ್ದರು. ಆ ಔಷಧಿ ಇಲ್ಲದೆ ಇದನ್ನು ಅನುಕರಿಸಬೇಡಿ.

ರಾತ್ರಿ ಪಾಳಿಯವರಿಗೆ ಈ ಹಂತದ ಬಹುಪಾಲು ಅನ್ವಯಿಸುವುದಿಲ್ಲ. ಪಾಳಿ ಮುಗಿಸಿ ಮಲಗಲು ಹೊರಟವರು ಬೆಳಗ್ಗೆ ದೀಪದ ಮುಂದೆ ಕುಳಿತರೆ ನಿದ್ರೆ ಹಾರಿಹೋಗುತ್ತದೆ. ಅದರಲ್ಲೂ ವಾರಕ್ಕೊಮ್ಮೆ ಪಾಳಿ ಬದಲಾಗುವವರು ಡ್ಯೂಟಿ ಪಟ್ಟಿಯನ್ನೇ ವೈದ್ಯರ ಮುಂದಿಟ್ಟು ಕೇಳಿ.

ಹಂತ 6: ಮೊದಲ ಕೆಲವು ವಾರ

ಮೊದಲ ಎರಡು ಮೂರು ದಿನ 10ರಿಂದ 15 ನಿಮಿಷ. ತಲೆನೋವು, ಕಣ್ಣುರಿ, ಹೊಟ್ಟೆ ತೊಳೆಸುವುದು ಇಲ್ಲದಿದ್ದರೆ ವಾರದೊಳಗೆ 30 ನಿಮಿಷಕ್ಕೆ ಏರಿಸಿ. ಈ ಸಣ್ಣ ತೊಂದರೆಗಳು ಬಂದರೆ ಸ್ವಲ್ಪ ಹಿಂದೆ ಸರಿಯಿರಿ ಅಥವಾ ನಿಮಿಷ ಕಡಿಮೆ ಮಾಡಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹೋಗುತ್ತವೆ.

ದೀಪದ ಶಕ್ತಿ ಕಡಿಮೆಯಿದ್ದರೆ ನಿಮಿಷ ಹೆಚ್ಚುತ್ತದೆ. 5,000 ಲಕ್ಸ್‌ಗೆ ಒಂದು ಗಂಟೆ, 2,500ಕ್ಕೆ ಎರಡು ಗಂಟೆ. ಎರಡು ಗಂಟೆ ಕೂರಲು ಪುರುಸೊತ್ತು ಯಾರಿಗಿದೆ ಎಂಬುದು ಬೇರೆ ಮಾತು. ಬೇಗ ಗುಣವಾಗಲಿ ಎಂದು 10,000 ಲಕ್ಸ್‌ನ ಮುಂದೆ ಒಂದೂವರೆ ಗಂಟೆ ಕೂರುವುದರಿಂದ ಲಾಭವಿಲ್ಲ, ಚಡಪಡಿಕೆ ಬರುತ್ತದೆ.

ರೇಷ್ಮೆ ಬೆಳೆಗಾರರಿಗೆ ಒಂದು ಮಾತು. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತ) ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವ ದಿನಗಳಲ್ಲಿ ಹೊಸದಾಗಿ ಆರಂಭಿಸಬೇಡಿ, ಖಂಡಿತ ತಪ್ಪುತ್ತದೆ. ಗೂಡು ಮಾರಿ, ಹುಳುಮನೆ ತೊಳೆದ ಮೇಲೆ ಶುರು ಮಾಡಿ. ಬೆಳಗ್ಗೆ ಕರೆಂಟ್ ಹೋಗುವ ಊರಾದರೆ ಇನ್ವರ್ಟರ್‌ಗೆ ಜೋಡಿಸಿದ ಪ್ಲಗ್ಗಿನಲ್ಲಿ ದೀಪ ಹಾಕಿ.

ಹಂತ 7: ದೀಪ ಕೊಳ್ಳಲಾಗದಿದ್ದರೆ

ಬಯಲಿಗೆ ಹೋಗಿ. ಬಿಸಿಲೇರಿದ ಮೇಲೆ ಹೊರಗೆ ತೆರೆದ ಆಕಾಶದ ಕೆಳಗೆ, ಮೋಡವಿದ್ದರೂ, ಸಾವಿರಾರು ಲಕ್ಸ್ ಇರುತ್ತದೆ. ತುಮಕೂರಿನವರಿಗೆ ಅಮಾನಿಕೆರೆಯ ಸುತ್ತ ನಡಿಗೆ, ಹಳ್ಳಿಯವರಿಗೆ ಹೊಲದ ಬದು, ಬಾಡಿಗೆ ಮನೆಯವರಿಗೆ ತಾರಸಿ. ಲಕ್ಸ್ ದಿನದಿಂದ ದಿನಕ್ಕೆ ಬದಲಾಗುವುದರಿಂದ 30 ನಿಮಿಷದ ಬದಲು ಒಂದು ಗಂಟೆ ಇಟ್ಟುಕೊಳ್ಳಿ. ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಚಳಿಗಾಲದ ಮಂಜು ಕರಗುವವರೆಗೆ ಕಾಯಬೇಕಾಗಬಹುದು. ಕಿಟಕಿಯ ಪಕ್ಕ ಕೂರುವುದು ಇದಕ್ಕೆ ಸಮನಲ್ಲ, ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಬೆಳಕು ಕುಸಿದಿರುತ್ತದೆ.

ಸೂರ್ಯನನ್ನು ದಿಟ್ಟಿಸಬೇಡಿ. ಉದಯದ ಸೂರ್ಯ ತಂಪು, ಏನೂ ಆಗದು ಎಂಬ ವಿಡಿಯೊಗಳು ಓಡಾಡುತ್ತಿವೆ. ಸೂರ್ಯನನ್ನು ನೇರ ನೋಡಿ ಸುಟ್ಟ ಅಕ್ಷಿಪಟಲ ನೋಯುವುದಿಲ್ಲ, ಹಾಗಾಗಿ ಹಾನಿ ಆದದ್ದು ಆಗ ಗೊತ್ತೇ ಆಗುವುದಿಲ್ಲ.

ಬಾಣಂತಿಯರ ಮನೆಯವರು ಇಷ್ಟು ಮಾಡಬಹುದು: ಕಿವಿಗೆ ಬಟ್ಟೆ ಕಟ್ಟುವುದನ್ನು ನಿಮ್ಮ ಪದ್ಧತಿಯಂತೆ ಕಟ್ಟಿ, ಕಿಟಕಿ ಮಾತ್ರ ತೆರೆಯಿರಿ, ಬೆಳಗ್ಗೆ ಹಜಾರದಲ್ಲೋ ಹಿತ್ತಲಲ್ಲೋ ಸ್ವಲ್ಪ ಹೊತ್ತು ಕೂರಿಸಿ. ಹೆರಿಗೆಯ ನಂತರದ ಅಳು ಎರಡು ವಾರ ದಾಟಿದರೆ ಅಥವಾ ಮಗುವಿನ ಬಗ್ಗೆ ವಿಚಿತ್ರ ಮಾತು ಕೇಳಿಬಂದರೆ ಬೆಳಕನ್ನು ನಂಬಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 8: ಗುಣವಾಗುತ್ತಿದೆಯೇ ಎಂದು ಅಳೆಯುವುದು

ಖಿನ್ನತೆಯಲ್ಲಿರುವ ಮನಸ್ಸು ತನ್ನ ಸುಧಾರಣೆಯನ್ನು ತಾನೇ ಒಪ್ಪುವುದಿಲ್ಲ. ಅದಕ್ಕೇ ಅಂಕಿ ಬೇಕು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ; ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಒಟ್ಟು ಅಂಕ 0ಯಿಂದ 27. ಹತ್ತು ಮುಟ್ಟಿದರೆ ಮಧ್ಯಮ, ಇಪ್ಪತ್ತು ಮುಟ್ಟಿದರೆ ತೀವ್ರ. ಆರಂಭಿಸುವ ಹಿಂದಿನ ದಿನ ಒಮ್ಮೆ, ನಂತರ ಎರಡು ವಾರಕ್ಕೊಮ್ಮೆ ತುಂಬಿ, ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯಲ್ಲಿ ಅಂಕ ಬರೆಯಿರಿ. ಅದೇ ಕ್ಯಾಲೆಂಡರಿನಲ್ಲಿ ದೀಪದ ಮುಂದೆ ಕುಳಿತ ದಿನಕ್ಕೆ ಒಂದು ಗೆರೆ ಎಳೆಯಿರಿ. ಗೆರೆಗಳು ಅರ್ಧ ಖಾಲಿಯಿದ್ದರೆ ಚಿಕಿತ್ಸೆ ಸೋತಿತು ಎನ್ನುವ ಹಕ್ಕು ಇನ್ನೂ ಬಂದಿಲ್ಲ.

ಕೆಲವರಿಗೆ ಒಂದೆರಡು ವಾರದಲ್ಲೇ ಬೆಳಗಿನ ಭಾರ ಇಳಿಯುತ್ತದೆ. ಕನಿಷ್ಠ ನಾಲ್ಕು ವಾರ ತಪ್ಪದೆ ಮಾಡಿ. ಅಂಕ ಅರ್ಧಕ್ಕೆ ಇಳಿದರೆ ಒಳ್ಳೆಯ ಪರಿಣಾಮ, ಐದಕ್ಕಿಂತ ಕೆಳಗೆ ಬಂದರೆ ಬಹುತೇಕ ಗುಣ. ನಾಲ್ಕು ವಾರ ಸರಿಯಾಗಿ ಮಾಡಿಯೂ ಅಂಕ ಕದಲದಿದ್ದರೆ ವೈದ್ಯರ ಬಳಿಗೆ ಹಿಂತಿರುಗಿ. ಚಿಕಿತ್ಸೆಗೆ ಬೇರೆ ದಾರಿಗಳಿವೆ.

ಕೂಡಲೇ ದೀಪ ಆರಿಸಬೇಕಾದ ಲಕ್ಷಣಗಳು

ಮೂರು ನಾಲ್ಕು ಗಂಟೆ ಮಾತ್ರ ಮಲಗಿದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಸಿಡುಕು, ಇದ್ದಕ್ಕಿದ್ದಂತೆ ಸೈಟು ಕೊಳ್ಳುವ, ಚೀಟಿ ಹಾಕುವ ದೊಡ್ಡ ಯೋಜನೆಗಳು. ಮನೆಯವರು "ಅಬ್ಬಾ, ಹುಷಾರಾದ" ಎಂದು ಹಿಗ್ಗುವುದು ಇಲ್ಲಿಯೇ. ಇದು ಉನ್ಮಾದದ ಆರಂಭ ಇರಬಹುದು. ದೀಪ ನಿಲ್ಲಿಸಿ, ಅಂದೇ ವೈದ್ಯರಿಗೆ ತಿಳಿಸಿ.

ಕಣ್ಣು ನೋವು, ದೃಷ್ಟಿ ಮಸುಕಾಗುವುದು, ಮಿಂಚಿನಂತೆ ಬೆಳಕು ಕಾಣುವುದು ಇದ್ದರೆ ನೇತ್ರತಜ್ಞರು. ಮುಖದ ಮೇಲೆ ಕೆಂಪು ದದ್ದು ಎದ್ದರೆ ಮಾತ್ರೆಗಳ ಪಟ್ಟಿಯನ್ನು ಮತ್ತೊಮ್ಮೆ ತೋರಿಸಿ.

ಪಿಎಚ್‌ಕ್ಯೂ ಪಟ್ಟಿಯ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಯಾವ ಅಂಕ ಬಂದರೂ ಒಟ್ಟು ಮೊತ್ತ ನೋಡುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ತಂದ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡಿ ಅಥವಾ ಮನೆಯಿಂದ ಹೊರಗೆ ಸಾಗಿಸಿ. ಯೋಜನೆ ಹಾಕಿದ ಮಾತು ಕೇಳಿಬಂದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ನಿಲ್ಲಿಸುವುದು

ಗುಣವಾದ ವಾರವೇ ದೀಪವನ್ನು ಅಟ್ಟಕ್ಕೆ ಹಾಕುವವರಿಗೆ ಕೆಲವೇ ದಿನಗಳಲ್ಲಿ ಹಳೆಯ ಭಾರ ಮರಳಬಹುದು. ವೈದ್ಯರು ಒಪ್ಪಿದ ಮೇಲೆ 30 ನಿಮಿಷವನ್ನು 20ಕ್ಕೆ, ಆಮೇಲೆ 15ಕ್ಕೆ ಇಳಿಸಿ, ಕ್ಯಾಲೆಂಡರಿನ ಅಂಕ ಏರುತ್ತಿಲ್ಲ ಎಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡಿ. ಮಾತ್ರೆಯ ಲೆಕ್ಕ ಬೇರೆ. ಗುಣವಾದ ಮೇಲೂ ಅದನ್ನು ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸುತ್ತಾರೆ, ಮತ್ತು ಎರಡನ್ನೂ ಒಂದೇ ತಿಂಗಳಲ್ಲಿ ಇಳಿಸುವುದಿಲ್ಲ. ಇಳಿಸಿದರೆ ಅಂಕ ಏರಿದಾಗ ಯಾವುದನ್ನು ಬಿಟ್ಟದ್ದರಿಂದ ಏರಿತು ಎಂದು ವೈದ್ಯರಿಗೂ ಹೇಳಲಾಗುವುದಿಲ್ಲ.